ನೇತ್ರಾಣಿಗೆ ಹೊರಟಿರಾ? ಮೊದಲು ಕಿವಿಯ ಕಡೆ ಗಮನ ಕೊಡಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಬೋಟಿನಲ್ಲಿ ಒಂದು ಒಂದೂವರೆ ಗಂಟೆ. ಸಿಲಿಂಡರಿನ ಗಾಳಿ ಉಸಿರಾಡುತ್ತ ಕಡಲಿಗೆ ಇಳಿಯುವ ಸ್ಕೂಬಾ ಡೈವಿಂಗ್‌ಗೆಂದು ಅಷ್ಟು ದೂರ ಹೋಗಿ, ಸಾವಿರಾರು ರೂಪಾಯಿ ತೆತ್ತು, ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿ ಹಿಡಿದುಕೊಂಡು ಮೇಲೆ ಬಂದವರನ್ನು ಪ್ರತಿ ಸಲ ನೋಡುತ್ತೇನೆ. ಅವರಿಗೆ ಧೈರ್ಯವೇನೂ ಕಡಿಮೆ ಇರುವುದಿಲ್ಲ, ನೀರಿನ ಒತ್ತಡಕ್ಕೆ ಕಟ್ಟಿಕೊಂಡ ಕಿವಿ ಬಿಡಿಸಿಕೊಳ್ಳಲು ಬರುವುದಿಲ್ಲ ಅಷ್ಟೆ.

1. ಹಿಂದಿನ ದಿನವೇ ಹೋಗಿ ಚೆನ್ನಾಗಿ ನಿದ್ದೆ ಮಾಡಿ. ಬೆಂಗಳೂರಿನ ರಾತ್ರಿ ಬಸ್ಸಿಳಿದು ನೇರ ಬೋಟು ಹತ್ತಬೇಡಿ. ಮಳೆಗಾಲ ಬಿಟ್ಟರೆ ಸೀಸನ್ನೇ, ಆದರೂ ನನ್ನ ಮತ ಡಿಸೆಂಬರ್‌ಗೆ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಬೋಟು ಓಲಾಡತೊಡಗಿದ ಮೇಲೆ ನುಂಗಿದ ವಾಂತಿ ಮಾತ್ರೆ ಕೆಲಸಕ್ಕೆ ಬಾರದು. ಆರೋಗ್ಯದ ಫಾರ್ಮಿನಲ್ಲಿ ಆಸ್ತಮಾ ಮುಚ್ಚಿಡಬೇಡಿ.

2. ಕಣ್ಣು, ಮೂಗು ಮುಚ್ಚುವ ಮಾಸ್ಕಿನೊಳಗೆ ಕೂದಲು ಸಿಕ್ಕದಂತೆ ನೋಡಿಕೊಳ್ಳಿ. ಗಾಜು ಮಂಜಾಗದಿರಲು ಬೇಬಿ ಶಾಂಪೂ ಒಂದು ಹನಿ ಸಾಕು, ಇಲ್ಲವೇ ಉಗುಳು.

3. ಇನ್ನು ಕಿವಿ. ಜೋಗದಿಂದ ಹೊನ್ನಾವರಕ್ಕೆ ಘಾಟಿ ಇಳಿಯುವಾಗ ಕಿವಿ ಗಪ್ಪೆನ್ನುತ್ತದಲ್ಲ, ಇದೂ ಅದೇ. ಆದರೆ ಇಡೀ ಘಾಟಿಯಲ್ಲಿ ಏರುವಷ್ಟು ಒತ್ತಡ ನೀರಿನಲ್ಲಿ ಮೊದಲ ಒಂದು ಮೀಟರಿನೊಳಗೇ ಏರಿಬಿಡುತ್ತದೆ. 10 ಮೀಟರಿಗೆ ಒತ್ತಡ ಎರಡು ಪಟ್ಟು. ಹೀಗಾಗಿ ಕಷ್ಟವೆಲ್ಲ ಮೇಲಿನ ನಾಲ್ಕೈದು ಮೀಟರಿನಲ್ಲಿದೆ, ಆಳದಲ್ಲಲ್ಲ.

ಮೂಗು ಹಿಡಿದು, ಬಾಯಿ ಮುಚ್ಚಿ, ಮೂಗಿನ ಕಡೆಗೆ ಮೆಲ್ಲನೆ ಗಾಳಿ ಒತ್ತಿ. ಎರಡೂ ಕಿವಿಯಲ್ಲಿ 'ಟಿಕ್' ಎಂದರೆ ಆಯಿತು. ಇದನ್ನು ನೀರಿನ ಮೇಲಿರುವಾಗಲೇ ಒಮ್ಮೆ ಮಾಡಿ, ಆಮೇಲೆ ಅರ್ಧರ್ಧ ಮೀಟರಿಗೆ ಒಮ್ಮೆ. ನೋವು ಬರಲಿ, ಆಮೇಲೆ ನೋಡೋಣ ಎಂದು ಕಾಯುವುದೇ ಎಲ್ಲರೂ ಮಾಡುವ ತಪ್ಪು. ನೋವು ಶುರುವಾಗುವ ಹೊತ್ತಿಗೆ ಕಿವಿಯಿಂದ ಗಂಟಲಿಗೆ ಬರುವ ನಳಿಕೆ ಒತ್ತಡಕ್ಕೆ ಮುಚ್ಚಿಕೊಂಡಿರುತ್ತದೆ. ಆಗ ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟು. ತೆರೆಯಲಿಲ್ಲವೇ? ಒಂದು ಮೀಟರ್ ಮೇಲೇರಿ, ಉಗುಳು ನುಂಗಿ, ಹಟ ಹಿಡಿದ ಕಿವಿ ಮೇಲೆ ಬರುವಂತೆ ತಲೆ ವಾಲಿಸಿ ಮತ್ತೆ ಪ್ರಯತ್ನಿಸಿ. ಲಂಗರಿನ ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿದರೆ ಸಲೀಸು. ತಲೆ ಕೆಳಗಾಗಿ ಧುಮುಕುವುದು ವಿಡಿಯೊಗೆ ಚಂದ, ಕಿವಿಗಲ್ಲ.

ಕಿವಿ ತೊಂದರೆ ಕೊಟ್ಟರೆ ಇನ್‌ಸ್ಟ್ರಕ್ಟರ್‌ಗೆ ಅಂಗೈ ಅಲುಗಾಡಿಸಿ ಕಿವಿ ತೋರಿಸಿ. ಹೆಬ್ಬೆರಳು ಎತ್ತಬೇಡಿ, ನೀರಿನಡಿ ಅದರ ಅರ್ಥ 'ಮೇಲೆ ಹೋಗೋಣ'. ಎಷ್ಟೋ ಜನರ ಡೈವಿಂಗ್ ಈ ಒಂದು ಬೆರಳಿನಿಂದ ಮುಗಿದಿದೆ.

ನೆಗಡಿ ಇದ್ದರೆ ಬುಕಿಂಗ್ ಮುಂದೂಡಿ. ಮೂಗಿಗೆ ಸ್ಪ್ರೇ ಹೊಡೆದುಕೊಂಡು ಇಳಿಯುವವರಿದ್ದಾರೆ. ಕೆಳಗಿರುವಾಗ ಔಷಧದ ಪ್ರಭಾವ ಇಳಿದರೆ ಮೇಲೇರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಈಜಿನ ಇಯರ್ ಪ್ಲಗ್ಗಂತೂ ಬೇಡವೇ ಬೇಡ, ಒತ್ತಡ ಅದನ್ನು ಒಳಕ್ಕೆ ನೂಕುತ್ತದೆ. ಮೂಗು ಮುಚ್ಚದ ಈಜುಗನ್ನಡಕವೂ ಇಲ್ಲಿ ನಡೆಯದು.

4. ಉಸಿರು ಬಿಗಿಹಿಡಿಯಬೇಡಿ, ಮೇಲೇರುವಾಗ ಖಂಡಿತ ಹಿಡಿಯಬೇಡಿ. ಶ್ವಾಸಕೋಶದ ಗಾಳಿ ಹಿಗ್ಗುತ್ತದೆ.

5. ಕೆಳಗೆ ತಲುಪಿದ ಮೇಲೆ ಕೈ ಕಟ್ಟಿಕೊಂಡು ಸುಮ್ಮನಿರಿ. ಬೆನ್ನಟ್ಟಿದರೆ ಮೀನು ಓಡುತ್ತದೆ, ನಿಂತರೆ ತಾನೇ ಬರುತ್ತದೆ. ಗಿಳಿಮೀನು ಹವಳ ಕೆರೆಯುವ ಕಟಕಟ ಸದ್ದು ನಿಂತವರಿಗೆ ಕೇಳಿಸುತ್ತದೆ. ಬಂಡೆ ಸಂದಿಯಲ್ಲಿ ಹಾವಿನಂಥ ಮೋರೆ ಈಲ್ ಮೀನು ಬಾಯಿ ತೆರೆದು ಮುಚ್ಚುವುದು ಉಸಿರಾಟಕ್ಕೆ, ನಿಮ್ಮನ್ನು ಹೆದರಿಸಲು ಅಲ್ಲ. ಸಿಂಹಮೀನು ನಿಮ್ಮನ್ನು ಕಂಡು ಸರಿಯುವುದಿಲ್ಲ, ಮುಳ್ಳಿನಲ್ಲಿ ವಿಷವಿದೆ. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಗ್ರೂಪರ್ ಮೀನಿನ ಉದ್ದ ಹೇಳುವಾಗ ಸ್ವಲ್ಪ ಕಡಿತ ಮಾಡಿ ಹೇಳಿ. ಕಡಲಾಮೆ ಮೇಲೇರುತ್ತಿದ್ದರೆ ದಾರಿ ಬಿಡಿ, ಅದಕ್ಕೂ ಗಾಳಿ ಬೇಕು. ಪೋಸ್ಟರಿನ ತಿಮಿಂಗಿಲ ಶಾರ್ಕ್ ನನಗಂತೂ ಇದುವರೆಗೆ ಕಂಡಿಲ್ಲ.

6. ಒಂದೇ ಸಲ ಮುಳುಗಿದ್ದರೂ ವಿಮಾನ ಹತ್ತುವ ಮುನ್ನ ಕನಿಷ್ಠ 12 ಗಂಟೆ ಬಿಡಬೇಕು. ನಾನು 18 ಬಿಡುತ್ತೇನೆ. ರಾತ್ರಿ ಕಿವಿಯಲ್ಲಿ ನೀರು ಗುಳುಗುಳು ಎಂದರೆ ಆ ಮಗ್ಗುಲಿಗೆ ಮಲಗಿ. ಕಡ್ಡಿ, ಕೊಬ್ಬರಿ ಎಣ್ಣೆ ಹಾಕಬೇಡಿ. ಬೆಳಿಗ್ಗೆಯೂ ನೋವಿದ್ದರೆ ಅಥವಾ ಕೇಳಿಸುವುದು ಮಂದವಾಗಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಲ್ಲಿಗೆ ಹೋಗಿ.