ಮುಟ್ಟದೆ ಉಳಿದ ಫಿಯಟ್: ಕೊಳ್ಳಬೇಕೋ ಬೇಡವೋ ಎಂದು ನಾನು ನಿರ್ಧರಿಸಿದ ಬಗೆ

ಪೂರ್ತಿ ಬಿಚ್ಚಿಸಿ, ತಗಡಿನ ಕೆಲಸ ಮಾಡಿಸಿ, ಬಣ್ಣ ಹೊಡೆಸಿ, ಹೊಸ ಕಾರಿನಂತೆ ನಿಲ್ಲಿಸುವ ಆಸೆಯಿರುವವರು ರಿಪೇರಿ ಕಾಣದ ಹಳೆಯ ಕಾರನ್ನು ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಅಂಥ ಕೆಲಸವನ್ನೆಲ್ಲ ಬೇರೊಬ್ಬರು ಮುಗಿಸಿರುವ ಕಾರು, ಬಿಲ್ಲುಗಳು ಮತ್ತು ಕೆಲಸದ ನಡುವೆ ತೆಗೆದ ಫೋಟೊಗಳ ಸಮೇತ ಸಿಕ್ಕರೆ, ಲೆಕ್ಕದಲ್ಲಿ ಅದೇ ಅಗ್ಗ. ಟಿಂಕರಿಂಗ್, ಪೇಂಟಿಂಗ್, ಕ್ರೋಮ್ ಮತ್ತು ಸೀಟಿನ ಕೆಲಸಕ್ಕೆ ಸುರಿದ ಹಣ ಮಾರುವಾಗ ಪೂರ್ತಿಯಾಗಿ ಕೈಗೆ ಬರುವುದಿಲ್ಲ. ಮುಟ್ಟದ ಕಾರನ್ನು ಹುಡುಕಿ ಕೊಳ್ಳುವುದಕ್ಕೆ ನನಗೆ ಕಾಣುವ ಕಾರಣ ಒಂದೇ: ಕಾರ್ಖಾನೆಯಿಂದ ಬಂದದ್ದು ಅದರಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಹಾಗೆಯೇ ಉಳಿಸಿಕೊಳ್ಳುವುದು. ಆದ್ದರಿಂದ ಅರವತ್ತರ ದಶಕದ ಫಿಯಟ್ 1100 ಡಿಲೈಟ್ ಒಂದನ್ನು ಕೊಳ್ಳಬೇಕೆಂದು ಹೊರಟಾಗ ನಾನು ಏನು ಕೆಟ್ಟಿದೆ ಎಂಬ ಪಟ್ಟಿಗಿಂತ ಮೊದಲು ಏನು ಉಳಿದಿದೆ ಎಂಬ ಪಟ್ಟಿಯನ್ನು ಬರೆದುಕೊಂಡೆ.

ಡಿಲೈಟನ್ನೇ ಆರಿಸಿಕೊಂಡದ್ದಕ್ಕೆ ಮಮತೆಯ ಜೊತೆಗೆ ವ್ಯಾವಹಾರಿಕ ಕಾರಣವೂ ಇತ್ತು. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ತಂದ ಈ ಮಾದರಿಯೇ ಎಪ್ಪತ್ತರ ದಶಕದಲ್ಲಿ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿಯಾಗಿ, ಶತಮಾನದ ಕೊನೆಯವರೆಗೆ ಬಾಳಿತು. 1089 ಸಿಸಿಯ ಅದೇ ಎಂಜಿನ್, ಹಿಂದುಗಡೆ ಅದೇ ಪಟ್ಟಿ ಸ್ಪ್ರಿಂಗು. ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಗಳಾಗಿ ಪದ್ಮಿನಿಗಳು 2023ರ ಅಕ್ಟೋಬರ್‌ವರೆಗೆ ಓಡಿದ್ದರಿಂದ ಯಂತ್ರದ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಪಿಸ್ಟನ್, ಕ್ಲಚ್ ಪ್ಲೇಟ್, ಬ್ರೇಕಿನ ಸಿಲಿಂಡರ್ ಮುಂತಾದವು ಈ ಅಂಗಡಿಯಲ್ಲಿ ಇಲ್ಲವೆಂದರೆ ಮುಂದಿನದರಲ್ಲಿ ಸಿಗುತ್ತವೆ. ಸಿಗದೇ ಹೋಗುವುದು ಡಿಲೈಟಿಗೆ ಮಾತ್ರ ಸೇರಿದ ವಸ್ತುಗಳು, ಅಂದರೆ ಮುಂದಿನ ಗ್ರಿಲ್, ಹೆಸರಿನ ಅಕ್ಷರಗಳು, ಪಕ್ಕದ ಮಿರುಗುಪಟ್ಟಿಗಳು, ಮೂಲ ಸೀಟಿನ ಬಟ್ಟೆ. ಈ ವ್ಯತ್ಯಾಸವೊಂದು ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ನೋಡಬೇಕಾದ ಕ್ರಮ ತಾನಾಗಿಯೇ ಬದಲಾಗುತ್ತದೆ.

ಕೊನೆಗೆ ಎರಡು ಕಾರುಗಳ ನಡುವೆ ಆಯ್ಕೆ ಬಂದಿತು. ಒಂದು ಸಕಲೇಶಪುರದ ಕಡೆಯ ತೋಟದ ಮನೆಯದು. ಕೆಲವು ವರ್ಷಗಳ ಹಿಂದೆ ಬಣ್ಣ ಕಂಡಿದ್ದು, ಹೊಳೆಯುತ್ತಿತ್ತು, ಒಂದೇ ಸ್ಟಾರ್ಟಿಗೆ ಶುರುವಾಗುತ್ತಿತ್ತು. ಇನ್ನೊಂದು ಹಿರಿಯೂರಿನ ಬಳಿ ಶೆಡ್ಡಿನಲ್ಲಿ ಬಹುಕಾಲ ನಿಂತಿದ್ದ, ಬಣ್ಣ ಸುಣ್ಣದಂತೆ ಕೈಗಂಟುತ್ತಿದ್ದ, ಎಂಜಿನ್ ಅಲುಗದ ಕಾರು. ಕರ್ನಾಟಕದಲ್ಲಿ ಹಳೆಯ ಕಾರು ನೋಡುವವರು ಅದು ಯಾವ ಸೀಮೆಯಲ್ಲಿ ಬಾಳಿತೆಂದು ಮೊದಲು ಕೇಳಬೇಕು. ಕರಾವಳಿಯ ಉಪ್ಪುಗಾಳಿ ಮತ್ತು ಮಲೆನಾಡಿನ ತಿಂಗಳುಗಟ್ಟಲೆಯ ತೇವ ತಗಡನ್ನು ಒಳಗಿನಿಂದ ತಿನ್ನುತ್ತವೆ. ಬಯಲುಸೀಮೆಯ ಬಿಸಿಲು ಬಣ್ಣವನ್ನೂ ರಬ್ಬರನ್ನೂ ಸುಟ್ಟರೂ ತಗಡನ್ನು ಬಿಟ್ಟುಬಿಡುತ್ತದೆ. ರಬ್ಬರನ್ನು ಮೀಟರಿನ ಲೆಕ್ಕದಲ್ಲಿ ಕೊಳ್ಳಬಹುದು. ಆದರೆ ಈ ಕಾರಿಗೆ ಬೇರೆ ಚಾಸಿ ಇಲ್ಲ, ತಗಡಿನ ಮೈಯೇ ಅದರ ಅಸ್ಥಿಪಂಜರ. ಬಾಗಿಲ ಕೆಳಗಿನ ಪೆಟ್ಟಿಗೆಯಾಕಾರದ ಭಾಗ ಕೊಳೆತರೆ ಕಾರು ನಡುವಿನಲ್ಲಿ ಬಳುಕಲು ಶುರುಮಾಡುತ್ತದೆ.

ಕಾರಿನ ಬಳಿಗೆ ಹೋಗುವ ಮೊದಲೇ ಕಾಗದಗಳನ್ನು ತರಿಸಿಕೊಂಡು ನೋಡಿದೆ. ಹಿರಿಯೂರಿನ ಕಾರಿನ ಆರ್‌ಸಿ ಪುಸ್ತಕ ಎಂವೈ ಅಕ್ಷರಗಳಿಂದ ಶುರುವಾಗುವ, ಮೈಸೂರು ರಾಜ್ಯದ ಕಾಲದ ನೋಂದಣಿಯದು. ಹೆಸರು ತೀರಿಹೋದ ಯಜಮಾನರದು, ಮಾರುತ್ತಿದ್ದವರು ಅವರ ಮಗ. ಹೀಗಿದ್ದಾಗ ಕಾರು ಮೊದಲು ವಾರಸುದಾರರ ಹೆಸರಿಗೆ ಫಾರಂ 31ರ ಮೂಲಕ ಬರಬೇಕು, ಆಮೇಲೆ 29 ಮತ್ತು 30ನೆಯ ಫಾರಂಗಳ ಮೂಲಕ ನಮ್ಮ ಹೆಸರಿಗೆ. ಉಳಿದ ಮಕ್ಕಳ ಒಪ್ಪಿಗೆ ಪತ್ರವಿಲ್ಲದೆ ಮುಂಗಡ ಕೊಡುವುದು ಸರಿಯಲ್ಲ. ಆರ್‌ಸಿಯ ಒಳಪುಟದಲ್ಲಿ ಹಳೆಯ ಸಾಲದ ನಮೂದು ಇನ್ನೂ ಅಳಿಸದೆ ಇದೆಯೇ ಎಂದೂ ನೋಡಬೇಕು; ಸಾಲ ಕೊಟ್ಟ ಸಂಸ್ಥೆ ಬಾಗಿಲು ಮುಚ್ಚಿದ್ದರೆ ಸಾಲ ತೀರಿದೆ ಎಂಬ ಪತ್ರ ತರುವುದು ಎಂಜಿನ್ ಬಿಚ್ಚುವುದಕ್ಕಿಂತ ಕಷ್ಟ. ಬಹಳ ಹಳೆಯ ಗಾಡಿಗಳ ವಿವರ ಸಾರಿಗೆ ಇಲಾಖೆ ನೋಂದಣಿಗೆ ಬಳಸುವ ವಾಹನ್ ತಂತ್ರಾಂಶಕ್ಕೆ ಏರಿರುವುದಿಲ್ಲ. ಅದನ್ನು ಏರಿಸುವ ಕೆಲಸವನ್ನು ಮಾರುವವರೇ ಮುಗಿಸಿಕೊಡಬೇಕೆಂದು ನಾನು ಷರತ್ತು ಹಾಕಿದೆ, ಅವರು ಒಪ್ಪಿದರು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿದೆ. ಎಂಜಿನ್ ನಂಬರನ್ನೂ ಹೀಗೆಯೇ ನೋಡಬೇಕು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎಷ್ಟೋ ಫಿಯಟ್, ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿ, ಆಮೇಲೆ ಎಲ್ಲಿಂದಲೋ ತಂದ ಪೆಟ್ರೋಲ್ ಎಂಜಿನ್ ಹಾಕಿರುವುದುಂಟು.

ಇಲ್ಲಿ ಕಾನೂನಿನ ಒಂದು ಮಾತು ನೇರವಾಗಿ ಸಂಬಂಧಿಸುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈ ಮತ್ತು ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದ ಉದ್ದೇಶಗಳಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ನನಗೆ ಭಾನುವಾರ ಪೇಟೆಗೂ ಹೋಗಬೇಕಿತ್ತು, ಆದ್ದರಿಂದ ಸಾಮಾನ್ಯ ನೋಂದಣಿಯನ್ನೇ ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ, ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುವ ದಾರಿ ಹಿಡಿದೆ. 2022ರ ಏಪ್ರಿಲ್‌ನಲ್ಲಿ ಕಾರುಗಳ ಈ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಜಿಗಿದಿದೆ, ಆಮೇಲೆ 20 ವರ್ಷ ದಾಟಿದ ಗಾಡಿಗಳಿಗೆ ಇನ್ನೂ ಏರಿದೆ. ಯಾವ ದಾರಿ ಹಿಡಿದರೂ ಮೂಲ ಎಂಜಿನ್ ಕಳೆದುಕೊಂಡ ಕಾರಿನ ಮುಂದಿನ ದಾರಿಗಳು ಕಡಿಮೆಯೇ.

ತಗಡಿನ ಪರೀಕ್ಷೆಗೆ ನಾನು ಒಯ್ದದ್ದು ತೆಳು ಬಟ್ಟೆ ಸುತ್ತಿದ ಚಿಕ್ಕ ಆಯಸ್ಕಾಂತ, ಟಾರ್ಚು, ಮೊಂಡು ಸ್ಕ್ರೂಡ್ರೈವರ್, ನೆಲಕ್ಕೆ ಹಾಸಲು ಗೋಣಿಚೀಲ. ಬೆಳಗಿನ ಓರೆಬಿಸಿಲಿನಲ್ಲಿ ಕಾರಿನ ಉದ್ದಕ್ಕೂ ಕಣ್ಣು ಹಾಯಿಸಿದರೆ ಪುಟ್ಟಿ ಮೆತ್ತಿದ ಜಾಗಗಳು ಅಲೆಯಲೆಯಾಗಿ ಕಾಣುತ್ತವೆ. ಮಳೆಯಲ್ಲಿ ಒದ್ದೆಯಾದ ಕಾರನ್ನು ಎಂದೂ ಪರೀಕ್ಷಿಸಬಾರದು, ನೀರು ಎಲ್ಲವನ್ನೂ ಹೊಳೆಯಿಸಿಬಿಡುತ್ತದೆ. ಸಕಲೇಶಪುರದ ಕಾರಿನಲ್ಲಿ ಆಯಸ್ಕಾಂತ ಚಕ್ರದ ಕಮಾನುಗಳ ಮೇಲೆ ನಿಲ್ಲದೆ ಜಾರಿತು, ಅಂದರೆ ಅಲ್ಲಿ ಬಣ್ಣದಡಿ ದಪ್ಪ ಪುಟ್ಟಿಯಿತ್ತು. ಬಾಗಿಲುಗಳ ಕೆಳಗಿನ ಅಂಚಿನಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ಸಾಲುಗುಳಿಗಳು ಕಾಣಬೇಕಾದ ಕಡೆ ಕಾಂಕ್ರೀಟು ಬಳಿದಂತೆ ನುಣುಪಾಗಿತ್ತು, ಕಿಟಕಿಯ ರಬ್ಬರಿನ ಮೇಲೆ ಬಣ್ಣದ ತುಂತುರು ಹಾಗೆಯೇ ಉಳಿದಿತ್ತು. ಜಾಕ್ ಕೊಟ್ಟು ಒಂದು ಬದಿಯನ್ನು ಎತ್ತಿಸಿದಾಗ ಅದೇ ಬದಿಯ ಹಿಂದಿನ ಬಾಗಿಲು ತೆರೆಯಲು ಬಿಗಿಯಾಯಿತು. ಮೈ ಬಳುಕುತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಾರು ಚೆನ್ನಾಗಿ ಓಡುತ್ತಿತ್ತು ನಿಜ, ಆದರೆ ಅದರೊಳಗೆ ಏನಿದೆ ಎಂದು ತಿಳಿಯಬೇಕಾದರೆ ಆ ಹೊಳೆಯುವ ಬಣ್ಣವನ್ನೆಲ್ಲ ಕೆರೆಯಬೇಕಿತ್ತು. ಒಬ್ಬರು ಖರ್ಚು ಮಾಡಿ ಮುಚ್ಚಿದ್ದನ್ನು ಇನ್ನೊಬ್ಬರು ಖರ್ಚು ಮಾಡಿ ತೆರೆಯುವ ವ್ಯವಹಾರದಲ್ಲಿ ನನಗೆ ಆಸಕ್ತಿ ಇರಲಿಲ್ಲ.

ಹಿರಿಯೂರಿನ ಕಾರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಮ್ಯಾಟ್ ಎತ್ತಿದರೆ ಚಾಲಕನ ಕಾಲಡಿಯ ತಗಡಿನಲ್ಲಿ ಅಂಗೈಯಗಲದ ತುಕ್ಕು, ಒತ್ತಿದರೆ ಕುಸಿಯಿತು. ಬ್ಯಾಟರಿಯ ತಟ್ಟೆ ಆಸಿಡ್ ಸೋರಿ ತೂತಾಗಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗಿನ ತಗಡು ಕಂದಾಗಿದ್ದರೂ ಗಟ್ಟಿಯಾಗಿತ್ತು, ಮುಖ್ಯವಾಗಿ ಹಿಂದಿನ ಪಟ್ಟಿ ಸ್ಪ್ರಿಂಗುಗಳು ಮೈಗೆ ಸೇರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಕಬ್ಬಿಣದ ಶಬ್ದವೇ ಬಂದಿತು. ಆಮೇಲೆ ಬಣ್ಣದ ಕಡೆ ತಿರುಗಿದೆ. ಡ್ಯಾಶ್‌ಬೋರ್ಡಿನ ಹಿಂಭಾಗ, ಡಿಕ್ಕಿಯ ಮುಚ್ಚಳದ ಒಳಮೈ, ಬಾಗಿಲ ಕಬ್ಜೆಗಳ ಬುಡ, ಹೀಗೆ ಬಿಸಿಲು ತಾಗದ ಎಲ್ಲ ಕಡೆಯೂ ಒಂದೇ ನಸುನೀಲಿ. ಹೊರಗಿನ ಮಾಸಿದ ಬೂದಿಬಣ್ಣವೂ ಸ್ವಲ್ಪ ಉಜ್ಜಿದರೆ ಅದೇ ನೀಲಿಗೆ ತಿರುಗಿತು. ಕಬ್ಜೆಯ ಸ್ಕ್ರೂಗಳ ತಲೆಯಲ್ಲಿ ಬಣ್ಣ ಬಿರುಕು ಬಿಟ್ಟಿರಲಿಲ್ಲ, ಅಂದರೆ ಬಾಗಿಲುಗಳನ್ನು ಒಮ್ಮೆಯೂ ಕಳಚಿಲ್ಲ. ಮುಂದೆ ಬೆಂಚಿನಂಥ ಒಂದೇ ಸೀಟು ಹರಿದಿದ್ದರೂ ಮೂಲದ್ದೇ. ಎಷ್ಟೋ ಫಿಯಟ್‌ಗಳಲ್ಲಿ ಕಿತ್ತು ನೆಲಕ್ಕೆ ಇಳಿಸಿರುವ ಗೇರು ಇಲ್ಲಿ ಸ್ಟೇರಿಂಗಿನ ಬುಡದಲ್ಲೇ ಇತ್ತು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಸುಸ್ಥಿತಿಯಲ್ಲಿ ಉಳಿಸುವುದನ್ನು ಮರುನಿರ್ಮಾಣಕ್ಕಿಂತ ಮೇಲಿಟ್ಟು 2012ರಲ್ಲಿ ಟ್ಯೂರಿನ್ ಸನ್ನದನ್ನು ಒಪ್ಪಿಕೊಂಡಿತು. ನಮ್ಮಲ್ಲಿ ಈಗಲೂ ಪ್ರದರ್ಶನಗಳಲ್ಲಿ ಕನ್ನಡಿಯಂತೆ ಹೊಳೆಯುವ ಕಾರಿನ ಸುತ್ತಲೇ ಜನ ಸೇರುತ್ತಾರೆ, ಸೇರಲಿ; ಆದರೆ ಎಂಥ ಒಳ್ಳೆಯ ಪೇಂಟರ್ ಕೂಡ ಕುರ್ಲಾದಲ್ಲಿ ಆ ವರ್ಷ ಹೊಡೆದ ಬಣ್ಣವನ್ನು ಮತ್ತೆ ಹೊಡೆಯಲಾರ.

ಎಂಜಿನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಜೊತೆ ಬಂದ ಹಿರಿಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಹೇಳಿದ್ದರು: “ಎಂಜಿನ್ ಚಿಂತೆ ಬಿಡಿ ಸಾರ್, ಅದು ನನ್ನ ಜವಾಬ್ದಾರಿ. ತಗಡು ಹೋಗಿದ್ರೆ ಮಾತ್ರ ನನ್ನನ್ನ ಕೇಳ್ಬೇಡಿ.” ಬಹುಕಾಲ ನಿಂತ ಎಂಜಿನನ್ನು ಬ್ಯಾಟರಿ ಕೊಟ್ಟು ತಿರುಗಿಸಲು ಹೋಗದೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ತೆಳು ಎಣ್ಣೆ ಸುರಿದು, ಒಂದು ರಾತ್ರಿ ಬಿಟ್ಟು, ಮರುದಿನ ನಾಲ್ಕನೆಯ ಗೇರಿಗೆ ಹಾಕಿ ಹಿಂದಿನಿಂದ ಮೆಲ್ಲಗೆ ತಳ್ಳಿ ನೋಡಿದೆವು, ಪುಲ್ಲಿ ಅಲುಗಿತು. ಅಷ್ಟು ಸಾಕಾಗಿತ್ತು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಾಗಿತ್ತೇ ಹೊರತು ಹಾಲಿನಂತಾಗಿರಲಿಲ್ಲ, ಎಂದರೆ ನೀರು ಸೇರಿರಲಿಲ್ಲ. ಹೆಡ್ ಅಲ್ಯೂಮಿನಿಯಮ್ಮಿನದಾದ್ದರಿಂದ ಹಿಂದೊಮ್ಮೆ ಬಿಸಿಯೇರಿ ಬಾಗಿರುವ ಸಾಧ್ಯತೆಯನ್ನು ಲೆಕ್ಕದಲ್ಲಿ ಹಿಡಿದೆವು. ರೀಬೋರ್ (ಸವೆದ ಸಿಲಿಂಡರುಗಳನ್ನು ಮತ್ತೆ ಕೊರೆಸುವುದು) ಮತ್ತು ಹೆಡ್ ಕೆಲಸ ಆಗಬೇಕೆಂದೇ ಇಟ್ಟುಕೊಂಡು ಬೆಲೆ ಕಟ್ಟುವುದು ಒಳ್ಳೆಯದು.

ಬೆಲೆ ಕಟ್ಟುವಾಗ ನಾನು ಪಟ್ಟಿಯನ್ನು ಮೂರು ಪಾಲು ಮಾಡಿದೆ: ಅಂಗಡಿಯಲ್ಲಿ ಸಿಗುವುದು, ಮಾಡಿಸಬಹುದಾದದ್ದು, ಎಲ್ಲೂ ಸಿಗದಿರುವುದು. ಮೊದಲ ಪಾಲು ಉದ್ದವಿದ್ದರೂ ಹೆದರಬೇಕಿಲ್ಲ. ಎರಡನೆಯದರಲ್ಲಿ ಕಾಲಡಿಯ ತಗಡು, ಬ್ಯಾಟರಿ ತಟ್ಟೆ, ಸೈಲೆನ್ಸರ್ ಇದ್ದವು. ಮೂರನೆಯದರಲ್ಲಿ ಬಿದ್ದದ್ದು ಹಿಂದಿನ ಒಂದು ದೀಪದ ಗಾಜು ಮತ್ತು ಒಂದು ಚಕ್ರದ ಮುಚ್ಚಳ ಮಾತ್ರ. ಗ್ರಿಲ್, ಅಕ್ಷರಗಳು, ಮೀಟರು, ಕಿಟಕಿಯ ಹಿಡಿಗಳು ಎಲ್ಲ ಇದ್ದವು. ಸಕಲೇಶಪುರದ ಕಾರಿನಲ್ಲಿ ಮೊದಲ ಪಾಲು ಖಾಲಿಯಿದ್ದು ಮೂರನೆಯದು ತುಂಬಿತ್ತು. ಮಾರುವವರಿಗೆ ಮೂರನೆಯ ಪಾಲನ್ನು ತೋರಿಸಿ ಚೌಕಾಸಿ ಮಾಡುವ ಅಗತ್ಯವಿಲ್ಲ, ಮೊದಲೆರಡನ್ನು ತೋರಿಸಿದರೆ ಸಾಕು. ಯಜಮಾನರ ಮಗ, “ವಿಂಟೇಜ್ ಗಾಡಿ ಸಾರ್, ಬೆಂಗಳೂರಲ್ಲಿ ಇದರ ಎರಡರಷ್ಟು ಕೊಡ್ತಾರೆ,” ಎಂದರು. ಬೆಂಗಳೂರಿನಲ್ಲಿ ಹಾಗೆ ಕೊಡುವುದು ಓಡುವ ಕಾರಿಗೆ ಎಂದು ಹೇಳಿ, ಎಂಜಿನ್, ಬ್ರೇಕು, ಟೈರು, ವೈರಿಂಗ್ ಮತ್ತು ಲಾರಿ ಸಾಗಣೆಯ ಅಂದಾಜನ್ನು ಅವರ ಮುಂದೆಯೇ ಬರೆದು ಕೂಡಿಸಿ ಕಳೆದೆ. ಒಪ್ಪಂದವಾಯಿತು. ಮೂಲ ಬಿಲ್ಲು, ಹಳೆಯ ತೆರಿಗೆ ಟೋಕನ್‌ಗಳು ಮತ್ತು ಡಿಕ್ಕಿಯಲ್ಲಿದ್ದ ಜಾಕನ್ನೂ ಕಾರಿನ ಜೊತೆಗೇ ಕೇಳಿ ಪಡೆದೆ. ಇವನ್ನು ಮನೆಯವರು ರದ್ದಿ ಎಂದು ಬಿಸಾಡುವ ಮೊದಲೇ ಕೇಳಬೇಕು.

ಕೊಂಡ ಮೇಲೆ ಮಾಡಿಸಿದ ಕೆಲಸವೆಲ್ಲ ಸುರಕ್ಷತೆಗೆ ಸಂಬಂಧಿಸಿದ್ದು. ನಾಲ್ಕೂ ಚಕ್ರದ ಡ್ರಮ್ ಬ್ರೇಕಿನ ಸಿಲಿಂಡರುಗಳು, ಹೋಸುಗಳು, ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್‌ಗಳು ಹೊಸವಾದವು. ಈಗ ಬಂಕ್‌ಗಳಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಟ್ಯಾಂಕನ್ನು ಇಳಿಸಿ ತೊಳೆಸಿ, ಪೆಟ್ರೋಲ್ ಪೈಪು ಮತ್ತು ಪಂಪಿನ ಡಯಾಫ್ರಮ್ಮನ್ನು ಎಥನಾಲ್ ತಾಳುವ ರಬ್ಬರಿನವಕ್ಕೆ ಬದಲಿಸಲೇಬೇಕಾಯಿತು. ಹಳೆಯ ರಬ್ಬರು ಅದರಲ್ಲಿ ಉಬ್ಬಿ ಬಿರಿಯುತ್ತದೆ, ನಿಲ್ಲಿಸಿಟ್ಟ ಟ್ಯಾಂಕಿನಲ್ಲಿ ಅದು ತೇವವನ್ನೂ ಎಳೆಯುತ್ತದೆ. ಕಳಚಿದ ಹಳೆಯ ಭಾಗಗಳಿಗೆಲ್ಲ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಕಾಲಡಿಯ ಕೊಳೆತ ತಗಡನ್ನು ಮಾತ್ರ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡನ್ನು ಬೆಸೆಸಿದೆ, ಅಡಿಯಿಂದ ತುಕ್ಕು ತಡೆಯುವ ಎಣ್ಣೆ ಹಚ್ಚಿಸಿದೆ. ಸೀಟಿನ ಹರಿದ ಭಾಗಕ್ಕೆ ಒಳಗಿನಿಂದ ಬಟ್ಟೆ ಕೊಟ್ಟು ಹೊಲಿಸಿದೆ. ಹೊರಗಿನ ಬಣ್ಣಕ್ಕೆ ಮೇಣದ ಪಾಲಿಷ್ ಬಿಟ್ಟು ಇನ್ನೇನೂ ಹಚ್ಚಿಲ್ಲ. ಎಫ್‌ಸಿಗೆ ಒಯ್ದಾಗ ಇನ್‌ಸ್ಪೆಕ್ಟರರು ಅದನ್ನು ನೋಡಿ, ಪೇಂಟ್ ಮಾಡಿಸಬಾರದೇ ಎಂದು ಕೇಳಿದರು. ಬ್ರೇಕು, ದೀಪ, ಹಾರ್ನು ಸರಿಯಿದ್ದುದರಿಂದ ಸಹಿ ಹಾಕಿಕೊಟ್ಟರು.