ಬೇಸ್ ಗಿಟಾರ್ ಬೆರಳಿನ ನವೆ: ಜಡ್ಡಿಗೆ ಕಾಯದೆ ತಂತಿ ಬದಲಿಸಿದ ನನ್ನ ಅನುಭವ

"ಇನ್ನೂ ನುಡಿಸು, ಬೆರಳ ಚರ್ಮ ಜಡ್ಡುಗಟ್ಟಿದರೆ ಎಲ್ಲ ಸರಿಹೋಗುತ್ತೆ." ಬೆರಳು ತೋರಿಸಿದಾಗಲೆಲ್ಲ ನನಗೆ ಸಿಗುತ್ತಿದ್ದ ಉತ್ತರ ಇದೊಂದೇ. ಹೇಳಿದವರೆಲ್ಲ ನನಗಿಂತ ಹಿರಿಯ ವಾದಕರು. ಆದರೆ ನನ್ನ ಬೆರಳಿನ ತೊಂದರೆಗೂ ಜಡ್ಡಿಗೂ ಸಂಬಂಧವೇ ಇರಲಿಲ್ಲ, ಅದು ತಂತಿಯಲ್ಲಿರುವ ನಿಕಲ್‌ನ ಅಲರ್ಜಿ. ಈಗ ಒಂದು ಗಣಪತಿ ಸೀಸನ್, ಅದರ ಹಿಂದೆಯೇ ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ, ಎಲ್ಲ ನುಡಿಸಿ ಮುಗಿಸಿದ್ದೇನೆ. ಒಂದು ಗುಳ್ಳೆ ಎದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಉಜ್ಜಿ ಏಳುವ ಬೊಬ್ಬೆ ನಮಗೆಲ್ಲ ಗೊತ್ತು. ನುಡಿಸುವಾಗಲೇ ಉರಿಯುತ್ತದೆ, ನೀರು ತುಂಬುತ್ತದೆ, ಕೆಲವು ದಿನ ಬಿಟ್ಟರೆ ಒಣಗುತ್ತದೆ. ನನ್ನದು ಹಾಗಲ್ಲ. ಪ್ರೋಗ್ರಾಂ ಮುಗಿದ ರಾತ್ರಿ ಏನೂ ಇರುತ್ತಿರಲಿಲ್ಲ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನವೆ ಶುರು. ಬೆರಳಿನ ಪಕ್ಕದಲ್ಲಿ ಬೆಂದ ಸಾಬಕ್ಕಿಯಂಥ ಸಣ್ಣ ಗುಳ್ಳೆಗಳು. ಅವು ಒಡೆದು, ಸಿಪ್ಪೆ ಎದ್ದು, ಆಮೇಲೆ ಬಿರುಕು. ಸಾರು ಅನ್ನ ಕಲಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಲಗೈಯ ತೋರುಬೆರಳು, ನಡುಬೆರಳು, ಎಡಗೈಯ ನಾಲ್ಕು ಬೆರಳು, ಎಲ್ಲ ಹಾಗೇ. ಪಿಕಪ್ಪಿನ (ತಂತಿಯ ಕಂಪನ ಹಿಡಿಯುವ ಭಾಗ) ಪ್ಲಾಸ್ಟಿಕ್ ಮೇಲೆ ಊರುವ ಹೆಬ್ಬೆರಳು ಮಾತ್ರ ನುಣ್ಣಗಿತ್ತು. ತಂತಿ ಮುಟ್ಟದ ಬೆರಳಿಗೆ ಏನೂ ಆಗಿಲ್ಲ ಅನ್ನೋದನ್ನು ಗಮನಿಸಿ. ನಿಮಗೂ ಹೀಗೇ ಇದ್ದರೆ ಜಡ್ಡಿಗೆ ಕಾಯಬೇಡಿ.

ಮೊದಲ ವರ್ಷ ಚರ್ಮ ಗಟ್ಟಿ ಮಾಡುವ ಪ್ರಯತ್ನಗಳಲ್ಲೇ ಹೋಯಿತು. ಪಟಿಕದ ನೀರಲ್ಲಿ ಬೆರಳು ಅದ್ದಿದೆ. ಟಿಂಚರ್ ಬೆಂಜೊಯಿನ್ ಹಚ್ಚಿದೆ. ಬಿರುಕಿನ ಮೇಲೆ ಅದು ಬಿದ್ದರೆ ಏನಾಗುತ್ತೆ ಅಂತ ಹಚ್ಚಿದವರಿಗೇ ಗೊತ್ತು. ಸೂಪರ್ ಗ್ಲೂ ಕೂಡ ಹಚ್ಚಿದೆ, ಗಿಟಾರ್ ನುಡಿಸುವ ಗೆಳೆಯನ ಸಲಹೆ. ಒಂದು ಸುತ್ತು ಹಾಡುಗಳಿಗೆ ತಡೆಯಿತು, ಆಮೇಲೆ ಹಾಳೆ ಹಾಳೆಯಾಗಿ ಎದ್ದು ಬಂತು. ಕೆಲವರಿಗೆ ಆ ಅಂಟೇ ಅಲರ್ಜಿ ಮಾಡುತ್ತದೆ, ಅದಕ್ಕೇ ಹಚ್ಚಿ ಅಂತ ಯಾರಿಗೂ ಹೇಳಲ್ಲ. ಮನೆಯಲ್ಲಿ ವೀಣೆ ನುಡಿಸುವವರಿದ್ದಾರೆ. ಅವರ ಅಭ್ಯಾಸ ನೋಡಿ ತಂತಿಗೆ ಕೊಬ್ಬರಿ ಎಣ್ಣೆ ಸವರಿದೆ. ಬೆರಳು ಚೆನ್ನಾಗಿ ಜಾರಿತು, ಆದರೆ ರೌಂಡ್‌ವೂಂಡ್ ತಂತಿಯ (ದುಂಡು ಸರಿಗೆ ಸುತ್ತಿದ ಮಾಮೂಲಿ ತಂತಿ) ಸುತ್ತುಗಳ ಸಂದಿಯಲ್ಲಿ ಎಣ್ಣೆ ಕೂತು ಒಂದೇ ವಾರದಲ್ಲಿ ನಾದ ಸತ್ತಿತು. ನವೆ ಹಾಗೇ ಇತ್ತು.

ಮೆಡಿಕಲ್ ಶಾಪಿನ ಮುಲಾಮಿನ ಬಗ್ಗೆ ಎರಡು ಮಾತು. ಕೇಳಿದ ತಕ್ಷಣ ಮೂರು ಔಷಧಿ ಕಲಸಿದ ಒಂದು ಟ್ಯೂಬ್ ಕೊಡುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡೇ ದಿನಕ್ಕೆ ನವೆ ಮಾಯ. ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಬೇಸ್ ನುಡಿಸುವವರಿಗೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಸೀಸನ್‌ನಲ್ಲಿ ಎಷ್ಟೋ ಜನ ಹೀಗೇ ದಿನ ದೂಡುತ್ತಿದ್ದಾರೆ. ದಯವಿಟ್ಟು ಬಿಡಿ.

ದಾರಿ ತೋರಿಸಿದ್ದು ನಮ್ಮ ಅತ್ತಿಗೆ. ಜಾತ್ರೆಯಲ್ಲಿ ಕೊಂಡ ಓಲೆ ಹಾಕಿದರೆ ಅವರ ಕಿವಿ ಸೋರುತ್ತದೆ, ಚಿನ್ನ ಹಾಕಿದರೆ ಏನೂ ಆಗಲ್ಲ. ನನ್ನ ಬೆರಳು ನೋಡಿ, "ಇದು ನನ್ನ ಕಿವಿ ಥರಾನೇ ಇದೆಯಲ್ಲಪ್ಪಾ" ಅಂದರು. ಆಗ ನೆನಪಾಯಿತು, ಜೀನ್ಸ್ ಗುಂಡಿ ತಾಗುವ ಕಡೆ ಹೊಟ್ಟೆ ಮೇಲೂ ನನಗೆ ಕೆಂಪು ಕಲೆ ಇತ್ತು. ಚರ್ಮದ ಡಾಕ್ಟರ ಹತ್ತಿರ ಹೋಗಿ ಪ್ಯಾಚ್ ಟೆಸ್ಟ್ ಮಾಡಿಸಿದೆ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ, ಬೆನ್ನಿಗೆ ನೀರು ತಾಗಿಸುವಂತಿಲ್ಲ. ತೆಗೆದು ಒಮ್ಮೆ ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ನಿಕಲ್ ಇಟ್ಟ ಜಾಗ ಕೆಂಪಗೆ ಊದಿಕೊಂಡಿತ್ತು. ಟೆಸ್ಟ್, ಫೀಸು ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಆಯಿತು. ಅದುವರೆಗೆ ಮುಲಾಮು, ಗ್ಲೌಸು, ಟಿಂಚರು ಅಂತ ಅದರ ಎರಡರಷ್ಟು ಸುರಿದಾಗಿತ್ತು. ಈ ಅಲರ್ಜಿ ಒಮ್ಮೆ ಬಂದರೆ ಹೋಗಲ್ಲ, ಮುಟ್ಟದೇ ಇರುವುದೇ ಮದ್ದು ಅಂತ ಡಾಕ್ಟರು ನೇರವಾಗಿ ಹೇಳಿದರು. ನಾವು ಸಾಮಾನ್ಯವಾಗಿ ಹಾಕುವ ರೌಂಡ್‌ವೂಂಡ್ ಸೆಟ್ ಅಂದರೆ ಉಕ್ಕಿನ ಮೇಲೆ ನಿಕಲ್ ಲೇಪ. ಬೆವರಿನ ಉಪ್ಪು ಆ ನಿಕಲ್ಲನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ಉಡುಪಿ, ಮಂಗಳೂರು ಕಡೆ ಪ್ರೋಗ್ರಾಂ ಮಾಡಿ ಬಂದರೆ ಯಾಕೆ ಜಾಸ್ತಿ ಆಗುತ್ತಿತ್ತು ಅಂತ ಆಗ ಗೊತ್ತಾಯಿತು.

ನಿಕಲ್ ಟೆಸ್ಟ್ ಕಿಟ್ ಒಂದು ತರಿಸಿದೆ. ಸಾವಿರ ಚಿಲ್ಲರೆ ಇರಬೇಕು. ಹತ್ತಿ ಕಡ್ಡಿಗೆ ಹನಿ ಹಾಕಿ ಲೋಹಕ್ಕೆ ಉಜ್ಜಿದರೆ, ನಿಕಲ್ ಬಿಡುತ್ತಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಹುಚ್ಚು ಹಿಡಿದವರ ಹಾಗೆ ಮನೆಯಲ್ಲಿದ್ದ ಲೋಹವನ್ನೆಲ್ಲ ಉಜ್ಜಿ ನೋಡಿದೆ. ತೊಂಬತ್ತರ ದಶಕದ ಐದು ರೂಪಾಯಿ ನಾಣ್ಯ, ಅದು ತಾಮ್ರ-ನಿಕಲ್, ತಕ್ಷಣ ಗುಲಾಬಿ. ಈಗಿನ ಸ್ಟೀಲ್ ರೂಪಾಯಿ ಬಿಳಿ. ಜೀನ್ಸ್ ಗುಂಡಿ ಗುಲಾಬಿ. ನನ್ನ ಹಳೇ ತಂತಿ ಗಾಢ ಗುಲಾಬಿ. ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಕೂಡ ಗುಲಾಬಿ, ಯಾಕೆಂದರೆ ಮಾಮೂಲಿ ಫ್ರೆಟ್ ತಂತಿಯಲ್ಲಿ ಸುಮಾರು ನೂರಕ್ಕೆ 18 ಭಾಗ ನಿಕಲ್. ಆದರೆ ಬೇಸ್‌ನಲ್ಲಿ ಬೆರಳು ಫ್ರೆಟ್‌ಗೆ ಉಜ್ಜುವುದು ಕಡಿಮೆ. ಫ್ರೆಟ್ ಬದಲಿಸದೆಯೇ ನನಗೆ ಸರಿಹೋಗಿದೆ.

ಆಮೇಲೆ ತಂತಿಗಳ ಸರದಿ. ಮೊದಲು ಸ್ಟೇನ್‌ಲೆಸ್ ಸ್ಟೀಲ್ ರೌಂಡ್‌ವೂಂಡ್. ಟೆಸ್ಟ್‌ನಲ್ಲಿ ಬಣ್ಣ ಬರಲಿಲ್ಲ, ನವೆಯೂ ಅರ್ಧಕ್ಕರ್ಧ ಇಳಿಯಿತು. ಆದರೆ ಅದರ ಮೈ ಒರಟು. ಮೊದಲೇ ಬಿರುಕು ಬಿಟ್ಟ ಚರ್ಮವನ್ನು ಕಿತ್ತು ಹಾಕಿತು. ಬೆರಳು ಪೂರ್ತಿ ವಾಸಿಯಾಗಿದ್ದರೆ ಇದು ಸಾಕಾಗುತ್ತಿತ್ತೇನೋ. ಆಮೇಲೆ ಕೋಟಿಂಗ್ ಇರುವ ಸೆಟ್, ನಾಲ್ಕೂವರೆ ಸಾವಿರದ ಹತ್ತಿರ. ಒಂದು ತಿಂಗಳು ಸ್ವರ್ಗ. ಬಲಗೈ ಮೀಟುವ ಜಾಗದಲ್ಲಿ ಕೋಟಿಂಗ್ ಸವೆಯಿತು, ಒಳಗಿನ ನಿಕಲ್ ಹೊರಗೆ ಬಂತು, ಮತ್ತೆ ಅದೇ ಕಥೆ. ಮಧ್ಯೆ ಹಳೇ ತಂತಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದು ನೋಡಿದೆ. ಜೀನ್ಸ್ ಗುಂಡಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ, ತಂತಿ ಮೇಲೆ ಮೊದಲ ಹಾಡಿಗೇ ಉದುರಿತು.

ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ತಂತಿ ಹಾಕಿ ಅಂತ ಸುಮಾರು ಜನ ಹೇಳಿದರು. ಇಲ್ಲಿ ಎಚ್ಚರಿಕೆ ಬೇಕು. ನುಣುಪಾಗಿದೆ ಅಂದ ಮಾತ್ರಕ್ಕೆ ನಿಕಲ್ ಇಲ್ಲ ಅಂತಲ್ಲ. ಥಾಮಸ್ಟಿಕ್ ಜೆಎಫ್ 344 ನಿಕಲ್ ಫ್ಲಾಟ್. ರೋಟೋಸೌಂಡ್ ಜಾಝ್ ಬೇಸ್ 77 ಮೋನೆಲ್ ಫ್ಲಾಟ್, ಮೋನೆಲ್ ಅಂದರೆ ಮೂರರಲ್ಲಿ ಎರಡು ಭಾಗ ನಿಕಲ್. ಎರಡೂ ಒಳ್ಳೇ ತಂತಿಗಳೇ, ನಮ್ಮಂಥವರಿಗಲ್ಲ. ಲಾ ಬೆಲ್ಲಾ 760 ಎಫ್‌ಎಸ್ ಸ್ಟೇನ್‌ಲೆಸ್ ಫ್ಲಾಟ್, ಅದು ನನಗೆ ನವೆ ತರಲಿಲ್ಲ. ಈಗಲೂ ನನ್ನ ಎರಡನೇ ಬೇಸ್‌ನಲ್ಲಿದೆ, ರೆಕಾರ್ಡಿಂಗಿಗೆ ಬಳಸುತ್ತೇನೆ. ಬಿಗಿ ಜಾಸ್ತಿ, ರಾತ್ರಿಯಿಡೀ ನುಡಿಸಲು ಎಡಗೈ ಸೋಲುತ್ತದೆ.

ಕೊನೆಗೆ ಗೆದ್ದಿದ್ದು ನೈಲಾನ್ ಟೇಪ್‌ವೂಂಡ್. ಲೋಹದ ಮೇಲೆ ಪೂರ್ತಿ ಕಪ್ಪು ನೈಲಾನ್ ಪಟ್ಟಿ ಸುತ್ತಿರುತ್ತದೆ, ಬೆರಳಿಗೆ ಲೋಹ ಸಿಗುವುದೇ ಇಲ್ಲ. ಡಿಅಡಾರಿಯೋ ಇಟಿಬಿ 92 ತೆಗೆದುಕೊಂಡೆ, 50ರಿಂದ 105ರ ಗೇಜ್ (ತಂತಿಯ ದಪ್ಪದ ಅಳತೆ). ಆಗ ಐದು ಸಾವಿರದ ಒಳಗೇ ಬಂತು. ರೋಟೋಸೌಂಡ್ ಟ್ರೂ ಬೇಸ್ 88 ಕೂಡ ಯೋಚಿಸಿದ್ದೆ, ಅದು 65ರಿಂದ 115. ಅಷ್ಟು ದಪ್ಪಕ್ಕೆ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಪೂರ್ತಿ ಕೆತ್ತಿಸಬೇಕು, ಹಿಂದೆ ಹೋಗಲು ದಾರಿ ಇರಲ್ಲ. ಡಿಅಡಾರಿಯೋಗಾದರೆ ನಟ್‌ನ ಒಂದು ಕಚ್ಚು ಸ್ವಲ್ಪ ಅಗಲಿಸಿ, ಟ್ರಸ್ ರಾಡ್ (ಕತ್ತಿನೊಳಗಿನ ಸರಳು) ಸರಿ ಮಾಡಿಸಿದ್ದಕ್ಕೆ ಐನೂರೋ ಆರುನೂರೋ ಆಯಿತು.

ಆರ್ಕೆಸ್ಟ್ರಾದವರು ಒಪ್ಪಲಿಲ್ಲ. "ನೈಲಾನಾ? ಟಪ್ಪಾಂಗುಚ್ಚಿ ಹಾಡಿಗೆ ಪಂಚ್ ಎಲ್ಲಿಂದ ತರ್ತೀರಿ ಸಾರ್?" ಅಂತ ಕೀಬೋರ್ಡಿನವರು ಕೇಳಿದರು. ನಾನು ವಾದ ಮಾಡಲಿಲ್ಲ. ಮನೆಯಲ್ಲಿ ಆಂಪ್ ಮುಂದೆ ಕೂತು ಕೆಲಸ ಮಾಡಿದೆ. ತೀರಾ ಕೆಳಗಿನ ನಾದ ಇಳಿಸಿ, 800 ಹರ್ಟ್ಸಿನಿಂದ ಒಂದು ಕಿಲೋಹರ್ಟ್ಸ್ ಸುತ್ತ ಚೆನ್ನಾಗಿ ಏರಿಸಿದೆ. ಮೀಟುವ ಬೆರಳನ್ನು ಬ್ರಿಡ್ಜ್ (ತಂತಿ ಕಟ್ಟಿದ ಬುಡ) ಕಡೆ ಸರಿಸಿದೆ. ಕೈ ಹಗುರ ಮಾಡಿ ಆಂಪ್ ಜೋರು ಮಾಡಿದೆ. ಇದರಿಂದ ಬೆರಳಿನ ಮೇಲಿನ ಏಟೂ ಕಡಿಮೆಯಾಯಿತು. ಹಾಸನ ಕಡೆಯ ಒಂದು ಗಣಪತಿ ಪೆಂಡಾಲಿನಲ್ಲಿ ಯಾರಿಗೂ ಹೇಳದೆ ಪೂರ್ತಿ ಪ್ರೋಗ್ರಾಂ ಟೇಪ್‌ವೂಂಡ್‌ನಲ್ಲೇ ನುಡಿಸಿದೆ. ಊಟಕ್ಕೆ ಕೂತಾಗ ಕೀಬೋರ್ಡಿನವರೇ, "ಇವತ್ತು ಬೇಸ್ ಗುಂಡಗೆ ಕೇಳಿಸ್ತಾ ಇತ್ತು, ಹೊಸ ಸ್ಟ್ರಿಂಗ್ಸಾ?" ಅಂದರು. ಗಿಟಾರ್ ಕೈಗೆ ಕೊಟ್ಟೆ.

ಬೆರಳು ವಾಸಿಯಾಗಲು ಅವಸರ ಮಾಡಬೇಡಿ. ತಂತಿ ಬದಲಿಸಿದ ಮೇಲೂ ಬಿರುಕು ಮುಚ್ಚಲು ಒಂದೂವರೆ ತಿಂಗಳ ಮೇಲೇ ಹಿಡಿಯಿತು. ಡಾಕ್ಟರು ಬರೆದುಕೊಟ್ಟ ಮುಲಾಮು ಅವರು ಹೇಳಿದಷ್ಟೇ ದಿನ, ಆಮೇಲೆ ರಾತ್ರಿ ಬರೀ ಪೆಟ್ರೋಲಿಯಂ ಜೆಲ್ಲಿ. ಅಷ್ಟೂ ದಿನ ಜೀನ್ಸ್ ಗುಂಡಿಗೆ ನೇಲ್ ಪಾಲಿಶ್ ತಪ್ಪಿಸಲಿಲ್ಲ.

ಲೆಕ್ಕ ಕೇಳುವವರಿಗೆ: ಮೊದಲು ಎರಡು ಸಾವಿರದ ರೌಂಡ್‌ವೂಂಡ್ ಸೆಟ್ ಮೂರು ತಿಂಗಳಿಗೊಮ್ಮೆ ಬದಲಿಸುತ್ತಿದ್ದೆ. ವರ್ಷಕ್ಕೆ ಎಂಟು ಸಾವಿರ. ಟೇಪ್‌ವೂಂಡ್ ಸೆಟ್ ವರ್ಷ ದಾಟಿದೆ, ಇನ್ನೂ ನಾದ ಇಳಿದಿಲ್ಲ. ಸ್ಲ್ಯಾಪ್ ಮಾಡುವವರಿಗೆ (ಹೆಬ್ಬೆರಳಲ್ಲಿ ತಂತಿ ಬಡಿದು ನುಡಿಸುವವರಿಗೆ) ಇದು ಹಿಡಿಸಲ್ಲ, ಅವರು ಸ್ಟೇನ್‌ಲೆಸ್ಸನ್ನೇ ನೋಡಲಿ, ಆದರೆ ಕಿಟ್‌ನಲ್ಲಿ ಉಜ್ಜಿ ನೋಡಿಯೇ ಹಾಕಲಿ. ಸ್ಟೇನ್‌ಲೆಸ್‌ನಲ್ಲೂ ನಿಕಲ್ ಇರುವ ಜಾತಿಗಳಿವೆ. ನಾನು ಈಗ ಐದು ತಂತಿಯ ಬೇಸ್‌ಗೆ ಟೇಪ್‌ವೂಂಡ್ ಹಾಕಿ ನೋಡುತ್ತಿದ್ದೇನೆ. ಬಿ ತಂತಿ ಇನ್ನೂ ಸ್ವಲ್ಪ ಸಡಿಲ ಅನ್ನಿಸುತ್ತಿದೆ, ಬೇರೆ ಗೇಜ್ ತರಿಸಲು ಹೇಳಿದ್ದೇನೆ.