ಹಗುರ ಬ್ರೌಸರ್ ಬೇಕೇ? ಹಾಕಿಕೊಳ್ಳುವ ಮೊದಲು ನೋಡಿಕೊಳ್ಳಬೇಕಾದದ್ದು

ಮಳೆಗಾಲ ಹಿಡಿದ ಮೇಲೆ ಮೂಡಿಗೆರೆ, ಕಳಸ, ಸಕಲೇಶಪುರದ ಕಡೆಯ ತೋಟದ ಮನೆಗಳಲ್ಲಿ ಇಂಟರ್ನೆಟ್ ಹೇಗಿರುತ್ತದೆ ಎಂಬುದನ್ನು ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ಮೇಜಿನ ಮೇಲಿರುವುದೂ 2 ಅಥವಾ 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರೇ ಆದರೆ, ಅರೇಬಿಕಾ ಪಾರ್ಚ್‌ಮೆಂಟ್‌ನ 50 ಕಿಲೋ ಚೀಲಕ್ಕೆ ಈ ದಿನ ಎಷ್ಟಿದೆ ಎಂದು ನೋಡಲು ಹೋದವರು ಪುಟ ತೆರೆಯುವವರೆಗೆ ಕಾದು ಬೇಸತ್ತು ಎದ್ದು ಹೋಗುತ್ತಾರೆ. ಆಗ ಯಾರಾದರೂ ‘ಚಿಕ್ಕ ಬ್ರೌಸರ್ ಒಂದನ್ನು ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತದೆ’ ಎಂದು ಸಲಹೆ ಕೊಡುವುದುಂಟು. ಸಲಹೆಯಲ್ಲಿ ಹುರುಳಿದೆ, ಆದರೆ ಅದು ಅರ್ಧ ಮಾತು. ಹಗುರವಾದ ಬ್ರೌಸರ್ ಏನನ್ನೋ ಬಿಟ್ಟುಕೊಟ್ಟೇ ಹಗುರವಾಗಿರುತ್ತದೆ. ಬಿಟ್ಟದ್ದು ಯಾವುದು, ಅದು ನಮ್ಮ ಕೆಲಸಕ್ಕೆ ಬೇಕಾದದ್ದೇ ಎಂಬುದನ್ನು ತಿಳಿಯುವ ಕ್ರಮ ಇಲ್ಲಿದೆ.

ಮೊದಲ ಹಂತ: ಭಾರ ಯಾವುದರದು?

ಪುಟ ತಡವಾಗಿ ತೆರೆಯಲು ನೆಟ್‌ವರ್ಕ್ ಕಾರಣವಾಗಿದ್ದರೆ ಬ್ರೌಸರ್ ಬದಲಿಸಿ ಹೆಚ್ಚಿನ ಪ್ರಯೋಜನವಿಲ್ಲ. ಇದನ್ನು ಪತ್ತೆ ಮಾಡುವುದು ಸುಲಭ. ಕ್ರೋಮ್ ತೆರೆದಿರುವಾಗ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದರದೇ ಟಾಸ್ಕ್ ಮ್ಯಾನೇಜರ್ ತೆರೆದುಕೊಂಡು, ಯಾವ ಟ್ಯಾಬ್ ಎಷ್ಟು ಮೆಮೊರಿ ನುಂಗುತ್ತಿದೆ ಎಂಬುದನ್ನು ಸಾಲುಸಾಲಾಗಿ ತೋರಿಸುತ್ತದೆ. ಮೆಮೊರಿಯ ಅಂಕಣದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವ ಟ್ಯಾಬ್ ಮೇಲಕ್ಕೆ ಬರುತ್ತದೆ. ಅಲ್ಲಿ ಮೇಲೆ ಬಂದು ಕೂರುವುದು ಸಾಮಾನ್ಯವಾಗಿ ಬೆಳಗ್ಗೆ ತೆರೆದು ಮರೆತ ವಿಡಿಯೊ ಪುಟವೋ, ಜಾಹೀರಾತು ತುಂಬಿದ ಸುದ್ದಿತಾಣವೋ ಆಗಿರುತ್ತದೆ. ಅಂದರೆ ಭಾರದ ಬಹುಪಾಲು ಪುಟಗಳದೇ. ಪುಟದೊಳಗೆ ಅಡಗಿರುವ ಪುಟ್ಟ ಪ್ರೋಗ್ರಾಮ್‌ಗಳಾದ ಜಾವಾಸ್ಕ್ರಿಪ್ಟನ್ನು ನಡೆಸುವ ಯಾವ ಬ್ರೌಸರಿನಲ್ಲಿ ತೆರೆದರೂ ಅದು ಅಷ್ಟೇ ಕೆಲಸ ಕೇಳುತ್ತದೆ.

ದೊಡ್ಡ ಬ್ರೌಸರುಗಳು ತಮ್ಮ ಪಾಲಿನ ಭಾರವನ್ನೂ ಸುಮ್ಮನೆ ಹೊತ್ತಿಲ್ಲ. 2018ರ ಆರಂಭದಲ್ಲಿ ಪ್ರೊಸೆಸರುಗಳಲ್ಲಿನ ‘ಸ್ಪೆಕ್ಟರ್’ ಎಂಬ ದೋಷ ಬೆಳಕಿಗೆ ಬಂದ ಮೇಲೆ, ಒಂದು ವೆಬ್‌ಸೈಟಿನ ಮಾಹಿತಿಯನ್ನು ಇನ್ನೊಂದು ಕದಿಯದಂತೆ ಪ್ರತಿಯೊಂದು ತಾಣವನ್ನೂ ಬೇರೆ ಬೇರೆ ಪ್ರಕ್ರಿಯೆಯಲ್ಲಿ ನಡೆಸುವ ವ್ಯವಸ್ಥೆಯನ್ನು ಕ್ರೋಮ್ ತನ್ನ 67ನೇ ಆವೃತ್ತಿಯಿಂದ ಜಾರಿಗೆ ತಂದಿತು. ಅದರಿಂದ ಮೆಮೊರಿಯ ಬಳಕೆ ಶೇ 10ರಿಂದ 13ರಷ್ಟು ಹೆಚ್ಚುತ್ತದೆ ಎಂದು ಗೂಗಲ್ ಆಗಲೇ ಹೇಳಿತ್ತು. ಬ್ಯಾಂಕಿನ ಪುಟವೂ ಗೊತ್ತಿಲ್ಲದ ಯಾವುದೋ ತಾಣವೂ ಅಕ್ಕಪಕ್ಕದ ಟ್ಯಾಬುಗಳಲ್ಲಿದ್ದಾಗ ಈ ಗೋಡೆಗೆ ಬೆಲೆಯಿದೆ. ಪುಟ್ಟ ಬ್ರೌಸರುಗಳಲ್ಲಿ ಹಲವಕ್ಕೆ ಈ ಗೋಡೆಯೇ ಇರುವುದಿಲ್ಲ.

ಎರಡನೆಯ ಹಂತ: ಹಗುರತನ ಎಲ್ಲಿಂದ ಬಂತು?

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಬಹಳ ಜನ ದಾಟಿಬಿಡುವುದೂ ಇದನ್ನೇ. ಹಗುರ ಎನಿಸಿಕೊಂಡ ಬ್ರೌಸರುಗಳಲ್ಲಿ ಮೂರು ಜಾತಿಗಳಿವೆ.

ಒಂದನೆಯ ಜಾತಿಯವು ತಮ್ಮದೇ ಚಿಕ್ಕ ಎಂಜಿನ್, ಅಂದರೆ ಪುಟವನ್ನು ಓದಿ ತೆರೆಯ ಮೇಲೆ ಮೂಡಿಸುವ ಒಳಭಾಗ, ಇಟ್ಟುಕೊಂಡವು. 1999ರಲ್ಲಿ ಮೊದಲು ಬಂದ ಡಿಲ್ಲೊ ಇದಕ್ಕೆ ಒಳ್ಳೆಯ ಉದಾಹರಣೆ. ವಿಂಡೋಸಿನ ಬದಲು ಬಳಸುವ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿದ ತೀರಾ ಹಳೆಯ ಯಂತ್ರದಲ್ಲಿಯೂ ಅದು ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತದೆ. ಅದು ಜಾವಾಸ್ಕ್ರಿಪ್ಟನ್ನು ನಡೆಸುವುದೇ ಇಲ್ಲ. ನೆಟ್‌ಸರ್ಫ್ ಎಂಬುದು ಅಲ್ಪಸ್ವಲ್ಪ ನಡೆಸುತ್ತದೆ. ಅಕ್ಷರಗಳನ್ನು ಮಾತ್ರ ತೋರಿಸುವ ಲಿಂಕ್ಸ್ ಎಂಬುದು 1992ರಿಂದಲೂ ಇದೆ. ಲೇಖನ ಓದಲು, ನಿಘಂಟು ನೋಡಲು, ವಿಕಿಪೀಡಿಯ ತಿರುವಿಹಾಕಲು ಇಂಥವು ಸಾಕಾಗುತ್ತವೆ. ಜಾವಾಸ್ಕ್ರಿಪ್ಟ್ ಇಲ್ಲದ ಕಾರಣ ಜಾಹೀರಾತುಗಳ ಕಾಟವೂ ತಾನಾಗಿಯೇ ಕಡಿಮೆಯಾಗುತ್ತದೆ. ಇದು ಅನೇಕರಿಗೆ ಕೇಳದೇ ಸಿಗುವ ಲಾಭ.

ತೊಡಕು ಬರುವುದು ಅರ್ಜಿ ತುಂಬುವಾಗ. ಪಹಣಿ ನೋಡುವ ಪುಟವನ್ನೇ ತೆಗೆದುಕೊಳ್ಳಿ. ಮೊದಲು ಜಿಲ್ಲೆ ಆರಿಸಬೇಕು, ಆಮೇಲೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್. ಜಿಲ್ಲೆ ಆರಿಸಿದ ಮೇಲೆಯೇ ಅದರ ತಾಲ್ಲೂಕುಗಳ ಪಟ್ಟಿ ಮುಂದಿನ ಚೌಕದಲ್ಲಿ ತುಂಬಿಕೊಳ್ಳುತ್ತದೆ, ಹಾಗೆ ತುಂಬಿಸುವುದು ಜಾವಾಸ್ಕ್ರಿಪ್ಟಿನ ಕೆಲಸ. ಅದಿಲ್ಲದ ಬ್ರೌಸರಿನಲ್ಲಿ ಹಾಸನ ಎಂದು ಆರಿಸಿ ಎಷ್ಟು ಹೊತ್ತು ಕಾದರೂ ಆಲೂರು, ಬೇಲೂರು, ಅರಕಲಗೂಡು ಯಾವುದೂ ಕಾಣಿಸಿಕೊಳ್ಳುವುದಿಲ್ಲ. ಪುಟ ಕೆಟ್ಟಿದೆ ಎಂದು ದೋಷದ ಸಂದೇಶವೂ ಬರುವುದಿಲ್ಲವಾದ್ದರಿಂದ ತಪ್ಪು ಸರ್ವರಿನದೆಂದು ನಂಬಿ ಮಧ್ಯಾಹ್ನವೆಲ್ಲ ಕಾಯುವವರು ಇದ್ದಾರೆ.

ಎರಡನೆಯ ಜಾತಿಯವು ಬೇರೆಯವರ ಎಂಜಿನ್ ಎರವಲು ಪಡೆದವು. ಫಾಲ್ಕನ್ ಕ್ರೋಮಿಯಂ ಆಧಾರಿತ ಎಂಜಿನ್ ಬಳಸುತ್ತದೆ, ಗ್ನೋಮ್ ವೆಬ್ ಬಳಸುವುದು ವೆಬ್‌ಕಿಟ್, ಮೊಬೈಲಿನ ವಯಾ ಬ್ರೌಸರ್ ಆಂಡ್ರಾಯ್ಡಿನಲ್ಲಿ ಮೊದಲೇ ಇರುವ ವೆಬ್‌ವ್ಯೂ ಎಂಬುದನ್ನು. ಇವುಗಳಲ್ಲಿ ಸರ್ಕಾರಿ ತಾಣಗಳೂ ಬಹುಮಟ್ಟಿಗೆ ಸರಿಯಾಗಿ ನಡೆಯುತ್ತವೆ. ಆದರೆ ಡೌನ್‌ಲೋಡ್ ಮಾಡುವಾಗ ಕಂಡ ಚಿಕ್ಕ ಗಾತ್ರವನ್ನು ನೋಡಿ ಮೋಸಹೋಗಬಾರದು; ಪುಟ ತೆರೆದ ಮೇಲೆ ಎಂಜಿನ್ ಕೇಳುವ ರ‍್ಯಾಮ್ ದೊಡ್ಡ ಬ್ರೌಸರಿಗಿಂತ ತೀರಾ ಕಡಿಮೆಯೇನೂ ಇರುವುದಿಲ್ಲ. ಇನ್ನೊಂದು ಅಂಶವೆಂದರೆ, ಎಂಜಿನ್ನಿನಲ್ಲಿ ಭದ್ರತಾ ದೋಷ ಕಂಡುಬಂದು ಮೂಲದವರು ತಿದ್ದಿದರೂ ಆ ತಿದ್ದುಪಡಿ ಎರವಲು ಪಡೆದವರಿಗೆ ತಲುಪಲು ಮತ್ತಷ್ಟು ದಿನ ಹಿಡಿಯಬಹುದು. ವೆಬ್‌ವ್ಯೂ ಬಳಸುವವುಗಳಿಗೆ ಈ ವಿಷಯದಲ್ಲಿ ಅನುಕೂಲವಿದೆ, ಏಕೆಂದರೆ 2014ರ ಆಂಡ್ರಾಯ್ಡ್ 5ರಿಂದ ಈಚೆಗೆ ಅದು ಪ್ಲೇ ಸ್ಟೋರ್ ಮೂಲಕವೇ ಅಪ್‌ಡೇಟ್ ಆಗುತ್ತದೆ.

ಮೂರನೆಯದು ಕೆಲಸವನ್ನು ದೂರದ ಸರ್ವರಿಗೆ ವಹಿಸುವ ಜಾತಿ. 2005ರಲ್ಲಿ ಬಂದ ಒಪೆರಾ ಮಿನಿ ಈ ದಾರಿಯಲ್ಲಿ ಹೆಸರು ಮಾಡಿತು. ಅದರ ಅತಿ ಉಳಿತಾಯದ ವಿಧಾನದಲ್ಲಿ ನಾವು ಕೇಳಿದ ಪುಟವನ್ನು ಕಂಪನಿಯ ಸರ್ವರ್ ತರಿಸಿಕೊಂಡು, ಕುಗ್ಗಿಸಿ, ನಮಗೆ ಕಳಿಸುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇರುವ ಘಾಟಿಯ ಊರುಗಳಲ್ಲಿ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಕುಗ್ಗಿಸಬೇಕಾದರೆ ಸರ್ವರ್ ಪುಟವನ್ನು ಬಿಚ್ಚಿ ನೋಡಲೇಬೇಕು, ಗೂಢಲಿಪಿಯಲ್ಲಿ ಬಂದ ಪುಟವಾದರೂ ಸರಿ. ಆದ್ದರಿಂದ ಈ ವಿಧಾನದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕುವುದು ನನ್ನ ದೃಷ್ಟಿಯಲ್ಲಿ ಸಲ್ಲದು, ಕಂಪನಿ ಎಷ್ಟೇ ನಂಬಿಕಸ್ಥವಾಗಿರಲಿ.

ಮೂರನೆಯ ಹಂತ: ಕನ್ನಡ ಸರಿಯಾಗಿ ಮೂಡುತ್ತದೆಯೇ?

ಇಂಗ್ಲಿಷಿನಲ್ಲಿ ಬರೆದ ಬ್ರೌಸರ್ ವಿಮರ್ಶೆಗಳಲ್ಲಿ ಈ ವಿಷಯ ಬರುವುದು ಅಪರೂಪ, ಹಾಗಾಗಿ ನಾವೇ ನೋಡಿಕೊಳ್ಳಬೇಕು. ಕನ್ನಡದ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಟ್ಟರೆ ಆಗುವುದಿಲ್ಲ. ಒತ್ತಕ್ಷರ ಕೆಳಗಿಳಿಯಬೇಕು, ಅರ್ಕಾವೊತ್ತು ಅಕ್ಷರದ ಬಲಕ್ಕೆ ಹೋಗಬೇಕು, ಸ್ವರಚಿಹ್ನೆ ಅಕ್ಷರಕ್ಕೆ ಕೂಡಿಕೊಳ್ಳಬೇಕು. ಈ ಜೋಡಣೆಗೆ ಪ್ರತ್ಯೇಕ ತಂತ್ರಾಂಶ ಬೇಕು, ಗಾತ್ರ ಉಳಿಸಲು ಅದನ್ನು ಕೈಬಿಟ್ಟ ಬ್ರೌಸರುಗಳೂ ಇವೆ. ಅಂಥದರಲ್ಲಿ ‘ಚಿಕ್ಕಮಗಳೂರು’ ಎಂಬುದು ‘ಚಿಕ್‌ಕಮಗಳೂರು’ ಎಂದು ಒಡೆದು ಕಾಣುತ್ತದೆ. ಕರ್ನಾಟಕ, ಶ್ರವಣಬೆಳಗೊಳ, ಶೃಂಗೇರಿ ಇವಿಷ್ಟು ಹೆಸರುಗಳಿರುವ ಯಾವುದಾದರೂ ಪುಟವನ್ನು ತೆರೆದು ನೋಡಿದರೆ ಪರೀಕ್ಷೆ ಮುಗಿಯಿತು. ಹಾಸನದವರು ತಮ್ಮ ಊರಿನ ಹೆಸರೊಂದನ್ನೇ ನೋಡಿ ತೃಪ್ತರಾಗಬಾರದು, ಅದರಲ್ಲಿ ಒತ್ತಕ್ಷರವೇ ಇಲ್ಲ! ಓದುವುದರ ಜೊತೆಗೆ ಟೈಪಿಸಿಯೂ ನೋಡಬೇಕು. ಅಕ್ಷರ ಸರಿಯಾಗಿ ತೋರಿಸುವ ಬ್ರೌಸರು ಕೂಡ ಹುಡುಕುವ ಚೌಕದಲ್ಲಿ ಬ್ಯಾಕ್‌ಸ್ಪೇಸ್ ಒತ್ತಿದಾಗ ಅಡ್ಡಾದಿಡ್ಡಿ ಅಳಿಸುವುದುಂಟು.

ನಾಲ್ಕನೆಯ ಹಂತ: ಕೊನೆಯ ಅಪ್‌ಡೇಟ್ ಯಾವಾಗ?

ಚಿಕ್ಕ ಬ್ರೌಸರುಗಳಲ್ಲಿ ಹಲವನ್ನು ನಡೆಸುವವರು ಬೆರಳೆಣಿಕೆಯ ಸ್ವಯಂಸೇವಕರು. ಡಿಲ್ಲೊದ ವಿಷಯದಲ್ಲಿಯೇ 2015ರ ನಂತರ ಮುಂದಿನ ಆವೃತ್ತಿ ಬಂದದ್ದು 2024ರಲ್ಲಿ. ಅಧಿಕೃತ ತಾಣಕ್ಕೆ ಹೋಗಿ ಕೊನೆಯ ಬಿಡುಗಡೆಯ ದಿನಾಂಕ ನೋಡಿ. ಒಂದು ವರ್ಷಕ್ಕಿಂತ ಹಳೆಯದಾದರೆ ಲಾಗಿನ್ ಬೇಕಾದ ಯಾವ ಕೆಲಸಕ್ಕೂ ಅದನ್ನು ಬಳಸಬೇಡಿ. ವಿಂಡೋಸ್ 7 ಇಟ್ಟುಕೊಂಡವರ ಕಷ್ಟ ಬೇರೆ. ಕ್ರೋಮ್ 2023ರಲ್ಲಿ 109ನೇ ಆವೃತ್ತಿಯ ನಂತರ ಅದನ್ನು ಕೈಬಿಟ್ಟಿತು, ಫೈರ್‌ಫಾಕ್ಸ್ 115ರಾಚೆ ಬರಲಿಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತಳಪಾಯವೇ ಹಳತಾದಾಗ ಮೇಲೊಂದು ಹೊಸ ಪುಟ್ಟ ಬ್ರೌಸರ್ ಕೂರಿಸಿದರೆ ವೇಗ ಸಿಗಬಹುದು, ಭದ್ರತೆ ಸಿಗದು. ಆ ಯಂತ್ರಕ್ಕೆ ಹಗುರವಾದ ಲಿನಕ್ಸ್ ಹಾಕಿಸುವುದೇ ಲೇಸು.

ಐದನೆಯ ಹಂತ: ಇರುವುದನ್ನೇ ಹಗುರ ಮಾಡಿ ನೋಡಿ

ಇಷ್ಟೆಲ್ಲ ಓದಿದ ಮೇಲೆ ಹೊಸ ಬ್ರೌಸರಿನ ಸಹವಾಸವೇ ಬೇಡ ಎನಿಸಿದರೆ ಅದೂ ಸರಿಯಾದ ನಿರ್ಧಾರವೇ. ಫೈರ್‌ಫಾಕ್ಸಿಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ ಸೇರಿಸಿದರೆ ಜಾಹೀರಾತುಗಳ ಜೊತೆಗೆ ಡೇಟಾ ಖರ್ಚೂ ಇಳಿಯುತ್ತದೆ. ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿರುವ ಮೆಮೊರಿ ಸೇವರ್ ಆನ್ ಮಾಡಿದರೆ ಬಳಸದ ಟ್ಯಾಬುಗಳು ರ‍್ಯಾಮ್ ಬಿಟ್ಟುಕೊಡುತ್ತವೆ. ಬೇಡದ ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ. 4 ಜಿಬಿ ಇರುವ ಯಂತ್ರಕ್ಕೆ ಬಹಳ ಸಲ ಇಷ್ಟೇ ಸಾಕು. 2 ಜಿಬಿ ಇದ್ದರೆ ಸಾಲುವುದಿಲ್ಲ.

ಕೊನೆಯದಾಗಿ, ಎರಡನ್ನೂ ಇಟ್ಟುಕೊಳ್ಳುವ ಕ್ರಮ

ಚಿಕ್ಕದೇ ಬೇಕು ಎನ್ನುವವರು ದೊಡ್ಡದನ್ನು ಅಳಿಸದೆ ಕೆಲಸ ಹಂಚಿಬಿಡುವುದು ಒಳ್ಳೆಯದು. ಸುದ್ದಿ, ಹವಾಮಾನ, ಕಾಫಿ ಮತ್ತು ಕಾಳುಮೆಣಸಿನ ದರ ಇವು ಚಿಕ್ಕದರ ಪಾಲಿಗೆ. ಬ್ಯಾಂಕು, ಸೇವಾ ಸಿಂಧು ಅರ್ಜಿ, ಬಸ್ಸಿನ ಟಿಕೆಟ್ಟು, ಮಕ್ಕಳ ಪರೀಕ್ಷೆಯ ಶುಲ್ಕ ದೊಡ್ಡದರ ಪಾಲಿಗೆ. ಡೀಫಾಲ್ಟ್ ಬ್ರೌಸರ್ ಆಗಿ ದೊಡ್ಡದನ್ನೇ ಇಡಿ, ಏಕೆಂದರೆ ಇ-ಮೇಲಿನಲ್ಲಿ ಬರುವ ಕೊಂಡಿಗಳು ಹೆಚ್ಚಾಗಿ ಲಾಗಿನ್ ಕೇಳುವಂಥವೇ. ಪಾಸ್‌ವರ್ಡುಗಳನ್ನು ಚಿಕ್ಕದರಲ್ಲಿ ಉಳಿಸಬೇಡಿ. ಬುಕ್‌ಮಾರ್ಕುಗಳನ್ನು ಮಾತ್ರ ದೊಡ್ಡದರಿಂದ ಎಚ್‌ಟಿಎಂಎಲ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಕೊಂಡೊಯ್ಯಬಹುದು, ಆಮದು ಮಾಡಿಕೊಳ್ಳುವ ಸೌಲಭ್ಯವಿಲ್ಲದಿದ್ದರೂ ಆ ಕಡತವನ್ನೇ ಪುಟದಂತೆ ತೆರೆದು ಒಳಗಿನ ಕೊಂಡಿಗಳನ್ನು ಒತ್ತಬಹುದು. ಮನೆಯಲ್ಲಿ ಬೇರೆಯವರೂ ಅದೇ ಕಂಪ್ಯೂಟರ್ ಬಳಸುವುದಾದರೆ ಯಾವ ಚಿತ್ರದ ಮೇಲೆ ಒತ್ತಿದರೆ ಯಾವ ಕೆಲಸ ಎಂಬುದನ್ನು ಅವರಿಗೆ ಒಮ್ಮೆ ತೋರಿಸಿಕೊಡಿ. ಇಲ್ಲವಾದರೆ ಚಿಕ್ಕ ಬ್ರೌಸರಿನಲ್ಲಿ ಹಣ ಪಾವತಿಗೆ ಹೊರಟು ಒಟಿಪಿ ಹಾಕುವ ಹೊತ್ತಿಗೆ ಪುಟ ಖಾಲಿಯಾದಾಗ, ಹಣ ಕಡಿತವಾಯಿತೋ ಇಲ್ಲವೋ ಎಂದು ಬ್ಯಾಂಕಿಗೆ ಫೋನ್ ಮಾಡಬೇಕಾಗುತ್ತದೆ.